ಶೆಡ್ಡು ಹೋಯಿತು, ಮಣ್ಣು ಉಳಿಯಿತು

ಕಲಾಯಿ ಅಂದರೆ ನಮಗೆಲ್ಲ ಗೊತ್ತು. ಹಿಂದೆ ಬೀದಿ ಬೀದಿಗೆ ಕಲಾಯಿಯವನು ಬರುತ್ತಿದ್ದ. ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಇದ್ದಿಲು ಉರಿಸುತ್ತಿದ್ದ. ತಾಮ್ರದ ಪಾತ್ರೆ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಒಳಗೆಲ್ಲ ತವರ ಸವರುತ್ತಿದ್ದ. ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಬೇಯಿಸಬೇಡಿ, ಕಿಲುಬು ಹಿಡಿಯುತ್ತೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಲೋಹ ಊಟದೊಳಗೆ ಇಳಿಯುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಒಂದು ಲೋಹದ ಮೇಲೆ ಇನ್ನೊಂದು ಲೋಹದ ತೆಳುವಾದ ಪದರ. ಅದೇ ಕಲಾಯಿ. ಈಗ ಇಂಥ ಕೆಲಸ ಕಾರ್ಖಾನೆಗಳಲ್ಲಿ ನಡೆಯುತ್ತೆ. ಅದಕ್ಕೆ ಪ್ಲೇಟಿಂಗ್ ಅಂತ ಹೆಸರು. ನಮ್ಮ ಮನೆಯ ನಲ್ಲಿ, ಬೈಕಿನ ಹ್ಯಾಂಡಲ್, ಬಾಗಿಲ ಚಿಲಕ ಹೊಳೆಯೋದು ಕ್ರೋಮಿಯಂ ಎಂಬ ಲೋಹದಿಂದ. ನಟ್ಟು ಬೋಲ್ಟುಗಳ ಮೇಲೆ ಸತು ಇರುತ್ತೆ. ಜಾತ್ರೆಯಲ್ಲಿ ಕೊಳ್ಳುವ ಕವರಿಂಗ್ ಓಲೆಯಲ್ಲಿ ಎಷ್ಟೋ ಸಲ ನಿಕ್ಕಲ್ ಇರುತ್ತೆ. ಕೆಲವರಿಗೆ ಅಂಥ ಓಲೆ ಹಾಕಿದ ಕೂಡಲೇ ಕಿವಿ ಕೆರೆತ ಶುರುವಾಗುತ್ತೆ. ಬಹಳ ಸಲ ಅದು ನಿಕ್ಕಲ್ಲಿನ ಕೆಲಸ.

ಪ್ಲೇಟಿಂಗ್ ಶೆಡ್ಡಿನಲ್ಲಿ ಬೆಂಕಿ ಇಲ್ಲ. ಸಾಲಾಗಿ ತೊಟ್ಟಿಗಳು ಇರುತ್ತವೆ. ಮೊದಲ ತೊಟ್ಟಿಯಲ್ಲಿ ಎಣ್ಣೆ ಜಿಡ್ಡು ತೆಗೆಯುತ್ತಾರೆ. ಮುಂದಿನದರಲ್ಲಿ ಆಸಿಡ್. ಅದರಲ್ಲಿ ತುಕ್ಕು ಬಿಡುತ್ತೆ. ಅದರ ಮುಂದೆ ಲೋಹ ಕರಗಿಸಿದ ನೀರು. ಅದಕ್ಕೆ ಕರೆಂಟು ಹಾಯಿಸಿದರೆ ನೀರಿನಲ್ಲಿರುವ ಲೋಹ ಸಾಮಾನಿನ ಮೇಲೆ ಹತ್ತಿಕೊಳ್ಳುತ್ತೆ. ನಿಕ್ಕಲ್ ತೊಟ್ಟಿಯ ನೀರು ಹಸಿರು. ಕೆಲವು ತಾಮ್ರದ ತೊಟ್ಟಿಗಳದ್ದು ಮೈಲುತುತ್ತದ ನೀಲಿ. ಕ್ರೋಮಿಯಂ ತೊಟ್ಟಿಯದ್ದು ಕೆಂಪು ಬೆರೆತ ಕಿತ್ತಲೆ ಬಣ್ಣ. ತಾಮ್ರಕ್ಕೂ ಸತುವಿಗೂ ಕೆಲವು ಕಡೆ ಸೈನೈಡ್ ಹಾಕುತ್ತಾರೆ. ಸೈನೈಡ್ ಎಂಥ ವಿಷ ಅಂತ ಹೇಳಬೇಕಾಗಿಲ್ಲ.

ಒಂದೊಂದು ತೊಟ್ಟಿಯಿಂದ ಎತ್ತಿದ ಮೇಲೂ ಸಾಮಾನನ್ನು ನೀರಿನಲ್ಲಿ ಅದ್ದಿ ತೊಳೆಯಬೇಕು. ಆ ತೊಳೆದ ನೀರು ಎಲ್ಲಿಗೆ ಹೋಯಿತು? ಅದನ್ನು ಶುದ್ಧ ಮಾಡಿ ಬಿಡಬೇಕು ಅಂತ ಕಾನೂನು ಇದೆ. ಶುದ್ಧ ಮಾಡಿದರೂ ತಳದಲ್ಲಿ ಬಗ್ಗಡ ಉಳಿಯುತ್ತೆ. ಅದರಲ್ಲೂ ಲೋಹ ಇರುತ್ತೆ. ನೀರನ್ನು ಶುದ್ಧ ಮಾಡದೆ ಹಿತ್ತಲ ಇಂಗುಗುಂಡಿಗೆ ಬಿಟ್ಟವರಿದ್ದಾರೆ. ಬಗ್ಗಡವನ್ನು ಮೂಲೆಯಲ್ಲಿ ಸುರಿದವರೂ ಇದ್ದಾರೆ.

ಕಲಾಯಿಯವನು ಎದ್ದು ಹೋದರೆ ಬೀದಿಯಲ್ಲಿ ಒಂದಿಷ್ಟು ಬೂದಿ ಉಳಿಯುತ್ತಿತ್ತು. ಪ್ಲೇಟಿಂಗ್ ಶೆಡ್ಡು ಮುಚ್ಚಿ ಹೋದರೆ ಮಣ್ಣಿನಲ್ಲಿ ಏನು ಉಳಿಯುತ್ತೆ? ಅದನ್ನು ಹೇಗೆ ತಿಳಿಯೋದು? ಇದೇ ಈ ಪಾಠದ ವಿಷಯ.

ಪೀಣ್ಯದ ಮಾತು

ಇದು ನಮಗೇಕೆ ಅಂತ ನೀವು ಕೇಳಬಹುದು. ನಮ್ಮ ಬನ್ನೂರಿನಲ್ಲಿ ಭತ್ತ ಇದೆ, ಕಬ್ಬು ಇದೆ, ಆಲೆಮನೆ ಇದೆ, ಹೆಸರಾದ ಬನ್ನೂರು ಕುರಿ ಇದೆ. ಆದರೆ ನಮ್ಮ ಹೆಣ್ಣುಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತಾರೆ. ಹೋದವರಲ್ಲಿ ಕೆಲವರು ಪೀಣ್ಯದ ಕಡೆ ಬಾಡಿಗೆ ಮನೆ ಹಿಡಿಯುತ್ತಾರೆ. ಇತ್ತ ನಂಜನಗೂಡಿನಲ್ಲೂ ಕೈಗಾರಿಕಾ ಪ್ರದೇಶ ಇದೆ, ಮೈಸೂರಿನ ಸುತ್ತಲೂ ಇದೆ. ಊರು ಬೆಳೆದ ಹಾಗೆ ಹಳೆಯ ಶೆಡ್ಡುಗಳು ಸೈಟುಗಳಾಗುತ್ತವೆ. ಸೈಟು ಅಗ್ಗ ಅಂತ ಕೊಂಡುಕೊಳ್ಳೋದು ನಮ್ಮಂಥವರೇ.

ಪೀಣ್ಯ ಬೆಂಗಳೂರಿನ ದೊಡ್ಡ ಕೈಗಾರಿಕಾ ಪ್ರದೇಶ. ಅಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳು ಬಹಳ. ಅವುಗಳಲ್ಲಿ ಪ್ಲೇಟಿಂಗ್ ಘಟಕಗಳೂ ಸೇರಿವೆ. ಅಲ್ಲಿನ ಕೊಳವೆ ಬಾವಿಗಳ ನೀರನ್ನು ಸರ್ಕಾರದ ಇಲಾಖೆಗಳೂ ವಿಜ್ಞಾನಿಗಳೂ ಪರೀಕ್ಷೆ ಮಾಡಿದ್ದಾರೆ. ಕೆಲವು ಬಾವಿಗಳಲ್ಲಿ ಕ್ರೋಮಿಯಂ ಮಿತಿ ಮೀರಿ ಸಿಕ್ಕಿದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಮಲಿನ ಕೈಗಾರಿಕಾ ಪ್ರದೇಶಗಳ ಪಟ್ಟಿ ಮಾಡಿತು. ಅದರಲ್ಲಿ ಪೀಣ್ಯದ ಹೆಸರೂ ಇತ್ತು.

ನೆಲದ ಮೇಲೆ ಚೆಲ್ಲಿದ್ದು ಕೊಳವೆ ಬಾವಿಗೆ ಹೇಗೆ ಹೋಯಿತು? ಇದಕ್ಕೆ ಕ್ರೋಮಿಯಂ ಗುಣ ತಿಳಿಯಬೇಕು. ಕ್ರೋಮಿಯಂ ಎರಡು ವೇಷದಲ್ಲಿ ಸಿಗುತ್ತೆ. ಒಂದನ್ನು ಕ್ರೋಮಿಯಂ ಮೂರು ಅನ್ನುತ್ತಾರೆ. ಇದು ಸಾಧು. ಮಣ್ಣಿಗೆ ಅಂಟಿಕೊಂಡು ಇದ್ದಲ್ಲೇ ಇರುತ್ತೆ. ಇನ್ನೊಂದು ಕ್ರೋಮಿಯಂ ಆರು. ತೊಟ್ಟಿಯ ಕಿತ್ತಲೆ ಬಣ್ಣದ ನೀರಿನಲ್ಲಿ ಇರೋದು ಇದೇ. ಇದು ಉಪ್ಪಿನ ಹಾಗೆ ನೀರಿನಲ್ಲಿ ಕರಗುತ್ತೆ. ಮಳೆ ಬಂದರೆ ನೀರಿನ ಜೊತೆ ಕೆಳಗೆ ಇಳಿಯುತ್ತೆ. ಬೆಂಗಳೂರಿನಲ್ಲೂ ನಮ್ಮ ಮೈಸೂರು ಸೀಮೆಯಲ್ಲೂ ಮಣ್ಣಿನ ಕೆಳಗೆ ಗಟ್ಟಿ ಬಂಡೆ ಇದೆ. ಬಂಡೆಯ ಬಿರುಕುಗಳಲ್ಲಿ ನೀರು ಓಡುತ್ತೆ. ಬಿರುಕು ಎತ್ತ ಹೋಗಿದೆಯೋ ವಿಷವೂ ಅತ್ತ. ಅದಕ್ಕೇ ಒಂದು ಬಾವಿ ಕೆಟ್ಟಿದ್ದರೆ ಪಕ್ಕದ ಬಾವಿ ಚೆನ್ನಾಗಿರಬಹುದು. ಪಕ್ಕದ್ದು ಚೆನ್ನಾಗಿದೆ ಅಂತ ನಮ್ಮದೂ ಚೆನ್ನಾಗಿರುತ್ತೆ ಅನ್ನುವ ಹಾಗಿಲ್ಲ.

ಪ್ಲೇಟಿಂಗ್ ತೊಟ್ಟಿಯ ಪಕ್ಕ ಕೆಲಸ ಮಾಡುವವರ ಕೈಯಲ್ಲಿ ಈ ಕ್ರೋಮಿಯಂ ಆರರಿಂದ ತೂತು ಬಿದ್ದ ಹಾಗೆ ಹುಣ್ಣಾಗುತ್ತೆ. ಮೂಗಿನ ಒಳಗಿನ ಗೋಡೆಯೂ ತೂತಾಗುತ್ತೆ. ಅದರ ಹಬೆ ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು.

ನಮ್ಮ ಬನ್ನೂರಿನ ಹತ್ತಿರ ಹರಿದು ಹೋಗುವ ಕಾವೇರಿಯ ನೀರನ್ನೇ ಮುಂದೆ ಮಳವಳ್ಳಿ ತಾಲ್ಲೂಕಿನಿಂದ ಬೆಂಗಳೂರಿಗೆ ಏರಿಸುತ್ತಾರೆ. ಆ ಕಾವೇರಿ ನಲ್ಲಿ ಬಾರದ ವಠಾರದಲ್ಲಿ ಇರುವವರಿಗೆ ಕೊಳವೆ ಬಾವಿಯೇ ಗತಿ. ಕಾವೇರಿ ದಡದಿಂದ ಹೋದ ಮಗಳು ಅಲ್ಲಿ ಕುಡಿಯೋದು ಯಾವ ನೀರು, ಒಮ್ಮೆ ಕೇಳಿ.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಒಂದು ಬೆಂದಿದ್ದರೆ ಎಲ್ಲಾ ಬೆಂದಿದೆ. ಕೆಟ್ಟ ಮಣ್ಣು ಹಾಗಲ್ಲ. ಅದು ಸರಿಯಾಗಿ ತಿರುವದ ಮುದ್ದೆಯ ಹಾಗೆ. ಒಂದು ಕಡೆ ನುಣ್ಣಗಿರುತ್ತೆ, ಇನ್ನೊಂದು ಕಡೆ ಹಿಟ್ಟಿನ ಗಂಟು. ತೊಟ್ಟಿ ಇದ್ದ ಜಾಗದಲ್ಲಿ ವಿಷ ತುಂಬಿರಬಹುದು. ಹತ್ತು ಹೆಜ್ಜೆ ಆಚೆ ಏನೂ ಇಲ್ಲದಿರಬಹುದು. ಗಂಟು ಎಲ್ಲಿದೆ ಅಂತ ಹುಡುಕೋದೇ ಈ ಪರೀಕ್ಷೆ.

ಗದ್ದೆಯ ಮಣ್ಣು ಪರೀಕ್ಷೆಗೆ ಕೊಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಹೊಲದಲ್ಲಿ ಹಲವು ಕಡೆ ಗುಂಡಿ ತೆಗೆದು, ಮಣ್ಣನ್ನೆಲ್ಲ ಸೇರಿಸಿ ಕಲಸಿ, ಅದರಲ್ಲಿ ಅರ್ಧ ಕೆಜಿ ಕಳಿಸುತ್ತೇವೆ. ಬೆಳೆಗೆ ಅದು ಸರಿ. ಇಲ್ಲಿ ಹಾಗೆ ಕಲಸಿದರೆ ಮೋಸವಾಗುತ್ತೆ. ಒಂದು ಗುಂಡಿಯ ವಿಷ ಒಂಬತ್ತು ಗುಂಡಿಯ ಒಳ್ಳೆಯ ಮಣ್ಣಿನಲ್ಲಿ ಕರಗಿ, ಲೆಕ್ಕಕ್ಕೆ ಸಿಗದ ಹಾಗೆ ಆಗುತ್ತೆ. ಸೈಟು ಮಾರುವವನಿಗೆ ಅಂಥ ವರದಿ ಬಹಳ ಅನುಕೂಲ. ಕೊಳ್ಳುವವರಿಗೆ ಅಲ್ಲ.

ಇನ್ನೊಂದು ಮಾತು. 2015ರಲ್ಲಿ ಸರ್ಕಾರ ಮಣ್ಣು ಆರೋಗ್ಯ ಕಾರ್ಡು ಕೊಡಲು ಶುರು ಮಾಡಿತು. ಅದರಲ್ಲಿ 12 ವಿಷಯ ಇರುತ್ತೆ. ಸಾರಜನಕ, ರಂಜಕ, ಪೊಟ್ಯಾಷ್, ಸತು, ತಾಮ್ರ ಹೀಗೆ. ಬೆಳೆಗೆ ಎಷ್ಟು ಗೊಬ್ಬರ ಬೇಕು ಅಂತ ಹೇಳೋದು ಅದರ ಕೆಲಸ. ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂ, ಸೀಸ, ಸೈನೈಡ್ ಅದರಲ್ಲಿ ಬರೋದಿಲ್ಲ. ಕಾರ್ಡು ಇದೆ, ಮಣ್ಣು ಚೆನ್ನಾಗಿದೆ ಅಂತ ಯಾರಾದರೂ ತೋರಿಸಿದರೆ, ಇದು ಬೆಳೆಯ ಕಾರ್ಡು ಅಂತ ಹೇಳಿ.

ಹಾಗಾದರೆ ಪರೀಕ್ಷೆ ಹೇಗೆ? ಬಲ್ಲವರು ಗುದ್ದಲಿ ಹಿಡಿಯುವ ಮೊದಲು ಜನರನ್ನು ಕೇಳುತ್ತಾರೆ. ಇಲ್ಲಿ ಏನು ಪ್ಲೇಟಿಂಗ್ ಮಾಡುತ್ತಿದ್ದರು? ಎಷ್ಟು ವರ್ಷ? ತೊಟ್ಟಿಗಳು ಎಲ್ಲಿದ್ದವು? ನೀರು ಯಾವ ಕಡೆ ಹೋಗುತ್ತಿತ್ತು? ಬಗ್ಗಡ ಎಲ್ಲಿ ಹಾಕುತ್ತಿದ್ದರು? ಇದಕ್ಕೆ ಉತ್ತರ ಕಾಗದದಲ್ಲಿ ಇರೋದಕ್ಕಿಂತ ಅಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಹೆಚ್ಚು ಇರುತ್ತೆ. ಸಾಮಾನು ತೊಳೆದ, ಕಸ ಗುಡಿಸಿದ ಹೆಂಗಸರಿಗೆ ಹಿತ್ತಲ ಮೂಲೆ ಮೂಲೆಯೂ ಗೊತ್ತಿರುತ್ತೆ. ಅವರನ್ನು ಕೇಳದೆ ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆ ಅಂತ ನಮ್ಮ ಅಭಿಪ್ರಾಯ.

ಆಮೇಲೆ ಜಾಗವನ್ನು ಸುತ್ತಿ ನೋಡುತ್ತಾರೆ. ಗೋಡೆಯ ಬುಡದಲ್ಲಿ ಹಳದಿ ಕಲೆ ಇದೆಯಾ? ಗಾರೆಯ ಮೇಲೆ ಹಸಿರು, ನೀಲಿ ಕಲೆ ಇದೆಯಾ? ನೆಲದ ಗಾರೆ ಬಿರಿದಿದೆಯಾ? ಮಳೆ ಬಂದರೂ ಹುಲ್ಲು ಹುಟ್ಟದ ಜಾಗ ಇದೆಯಾ? ಇಳಿಜಾರು ಯಾವ ಕಡೆ? ಕಲೆ ಕಂಡರೆ ಅನುಮಾನ ಗಟ್ಟಿ. ಆದರೆ ಕಲೆ ಕಾಣದಿದ್ದರೆ ವಿಷ ಇಲ್ಲ ಅಂತ ಅಲ್ಲ. ಕ್ಯಾಡ್ಮಿಯಂಗೆ, ಸೀಸಕ್ಕೆ ಮಣ್ಣಿನಲ್ಲಿ ಬಣ್ಣ ಕಾಣೋದಿಲ್ಲ, ವಾಸನೆಯೂ ಇಲ್ಲ. ಅನುಮಾನದ ಜಾಗದ ಮೇಲೆ ಹೊಸ ಕೆಮ್ಮಣ್ಣು ಹರಡಿ ಮಟ್ಟ ಮಾಡಿಬಿಟ್ಟರೆ ಕಣ್ಣಿಗೆ ಏನೂ ಸಿಗೋದಿಲ್ಲ.

ಈಗ ಮಣ್ಣು ತೆಗೆಯುವ ಸರದಿ. ತೊಟ್ಟಿ ಇದ್ದಲ್ಲಿ, ಚರಂಡಿಯ ಉದ್ದಕ್ಕೆ, ಇಂಗುಗುಂಡಿಯ ಬಳಿ, ಬಗ್ಗಡ ಸುರಿದ ಮೂಲೆಯಲ್ಲಿ, ಇಳಿಜಾರಿನ ಕೊನೆಯಲ್ಲಿ ಬೇರೆ ಬೇರೆಯಾಗಿ ತೆಗೆಯಬೇಕು. ಉಳಿದ ಜಾಗವನ್ನು ರಂಗೋಲಿ ಚುಕ್ಕಿಯ ಹಾಗೆ ಸಮ ಅಂತರದಲ್ಲಿ ಗುರುತು ಮಾಡಿ ಅಲ್ಲೂ ತೆಗೆಯಬೇಕು. ಒಂದೊಂದು ಕಡೆಯಲ್ಲೂ ಮೇಲಿನ ಎರಡು ಅಂಗುಲದ ಮಣ್ಣು ಒಂದು ಚೀಲಕ್ಕೆ. ಮಕ್ಕಳ ಕೈಗೆ ಹತ್ತೋದು ಆ ಮಣ್ಣೇ. ಎರಡು ಅಡಿ ಕೆಳಗಿನದು ಇನ್ನೊಂದು ಚೀಲಕ್ಕೆ, ನಾಲ್ಕು ಅಡಿಯದು ಮತ್ತೊಂದಕ್ಕೆ. ಒಳ್ಳೆಯ ಮಣ್ಣು ಸಿಗುವ ತನಕ ಕೆಳಗೆ ಹೋಗಬೇಕು. ಪ್ರತಿ ಸಲವೂ ಸಲಕರಣೆ ತೊಳೆಯಬೇಕು. ಚೀಲದ ಮೇಲೆ ಜಾಗ, ಆಳ, ತಾರೀಖು ಬರೆಯಬೇಕು. ಕ್ರೋಮಿಯಂ ಆರು ಮತ್ತು ಸೈನೈಡ್ ಪರೀಕ್ಷೆಯ ಮಣ್ಣನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟು ಬೇಗ ತಲುಪಿಸಬೇಕು. ಬಿಸಿಲಿನಲ್ಲಿ ಎರಡು ದಿನ ಬಿದ್ದ ಚೀಲ ಸುಳ್ಳು ಹೇಳುತ್ತೆ.

ಇದೆಲ್ಲದರ ಜೊತೆಗೆ ಶೆಡ್ಡಿನಿಂದ ದೂರದ, ಎತ್ತರದ, ಕಾರ್ಖಾನೆ ಸೋಂಕದ ಜಾಗದ ಮಣ್ಣೂ ಬೇಕು. ಏಕೆಂದರೆ ಯಾವ ಮಣ್ಣಿನಲ್ಲೂ ಹುಟ್ಟಿನಿಂದಲೇ ಸ್ವಲ್ಪ ಕ್ರೋಮಿಯಂ, ಸ್ವಲ್ಪ ನಿಕ್ಕಲ್ ಇದ್ದೇ ಇರುತ್ತೆ. ಅದು ಎಷ್ಟು ಅಂತ ತಿಳಿದರೆ ತಾನೇ ಕಾರ್ಖಾನೆ ಸೇರಿಸಿದ್ದು ಎಷ್ಟು ಅಂತ ತಿಳಿಯೋದು? ಹಾಗೆಯೇ ಸುತ್ತಲ ಬಾವಿ, ಬೋರುಗಳ ನೀರನ್ನೂ ತೆಗೆಯಬೇಕು.

ಮಣ್ಣು ತೆಗೆಯುವ ಕೆಲಸಕ್ಕೆ ನಾವು ನೀವು ಕೈ ಹಾಕೋದು ಬೇಡ. ಅದಕ್ಕೆ ಕೈಗವಸು, ತರಬೇತಿ ಎಲ್ಲಾ ಬೇಕು. ಆದರೆ ಎಲ್ಲಿ ತೆಗೆದರು, ಎಷ್ಟು ಆಳ ತೆಗೆದರು, ಕಲಸಿದರಾ ಅಂತ ನಿಂತು ನೋಡಬಹುದು. ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಹುದು. ಈಗ ನಮಗೆ ಬರೆಯಲು ಬರುತ್ತಲ್ಲ!

ಅಂಕಿ ಓದೋಣ

ವರದಿಯಲ್ಲಿ 1 ಕೆಜಿ ಮಣ್ಣಿಗೆ ಇಷ್ಟು ಮಿಲಿಗ್ರಾಂ ಅಂತ ಬರೆದಿರುತ್ತೆ. 1 ಕೆಜಿ ಅಂದರೆ 10 ಲಕ್ಷ ಮಿಲಿಗ್ರಾಂ. ಒಂದು ಅಕ್ಕಿ ಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತೆ. ಈಗ ಲೆಕ್ಕ ಹಾಕೋಣ.

ನಮ್ಮ ದೇಶದಲ್ಲಿ ಕುಡಿಯುವ 1 ಲೀಟರ್ ನೀರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. ಅಂದರೆ 200 ಲೀಟರಿನ ಎರಡು ಡ್ರಮ್ಮು ನೀರಿಗೆ ಒಂದು ಅಕ್ಕಿ ಕಾಳಿನಷ್ಟು ತೂಕ. ಅಷ್ಟೇ. ಇಷ್ಟು ಕಡಿಮೆ ಇದ್ದರೆ ಕಣ್ಣಿಗೆ ಹೇಗೆ ಕಾಣುತ್ತೆ? ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಾದ ಮೇಲೆ ನೀರು ಹಳದಿ ತಿರುಗುತ್ತೆ. ಹಳದಿ ನೀರು ಕಂಡರೆ ಕುಡಿಯಲೇ ಬಾರದು. ತಿಳಿ ನೀರಾದರೂ ಪರೀಕ್ಷೆ ಬೇಕು. ಇದನ್ನು ಕಾಯಿಸಿದರೆ ಪ್ರಯೋಜನ ಇಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಲೋಹ ಸಾಯೋದಿಲ್ಲ. ನೀರು ಆವಿಯಾಗಿ ಲೋಹ ಇನ್ನೂ ಮಂದವಾಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗೋದಿಲ್ಲ.

ಮಣ್ಣಿನ ಮಿತಿ ಜಾಗದ ಬಳಕೆಯ ಮೇಲೆ ಇರುತ್ತೆ. ಕೆನಡಾ ದೇಶದ ಲೆಕ್ಕ ನೋಡಿ. ಮನೆ ಕಟ್ಟುವ, ಬೆಳೆ ಬೆಳೆಯುವ ಜಾಗದಲ್ಲಿ 1 ಕೆಜಿ ಮಣ್ಣಿಗೆ ಕ್ರೋಮಿಯಂ ಆರು 0.4 ಮಿಲಿಗ್ರಾಂ ಮೀರಬಾರದು. 50 ಕೆಜಿ ಮೂಟೆಯಲ್ಲಿ ಒಂದೇ ಒಂದು ಕಾಳು! ಕಾರ್ಖಾನೆ, ಅಂಗಡಿ ಜಾಗವಾದರೆ 1.4 ಮಿಲಿಗ್ರಾಂ ತನಕ ಒಪ್ಪುತ್ತಾರೆ. ಗಾರೆ ಹಾಕಿದ ಗೋದಾಮಿನ ನೆಲವನ್ನು ಯಾರೂ ತಿನ್ನೋದಿಲ್ಲ. ಅಂಗಳದಲ್ಲಿ ಅಂಬೆಗಾಲಿಡುವ ಮಗು ಮಣ್ಣು ಬಾಯಿಗೆ ಹಾಕುತ್ತೆ. ಹಿತ್ತಲಲ್ಲಿ ನಾವು ದಂಟು ಹಾಕುತ್ತೇವೆ. ಸೊಪ್ಪಿನ ಗಿಡಗಳು ಕ್ಯಾಡ್ಮಿಯಂ ಅನ್ನು ಬೇರಿನಿಂದ ಎಳೆದು ಎಲೆಗೇ ತರುತ್ತವೆ. ಕ್ರೋಮಿಯಂ ಬಹಳ ಮಟ್ಟಿಗೆ ಬೇರಿನಲ್ಲೇ ಉಳಿಯುತ್ತೆ. ಆದರೂ ಎಲೆಯ ಮೇಲೆ ಕೂತ ದೂಳು ಹೊಟ್ಟೆಗೇ ಹೋಗುತ್ತೆ.

ವರದಿಯಲ್ಲಿ ಬರೀ ಕ್ರೋಮಿಯಂ ಅಂತ ಒಂದೇ ಸಾಲು ಇದ್ದರೆ, ಕ್ರೋಮಿಯಂ ಆರು ಎಷ್ಟು ಅಂತ ಕೇಳಬೇಕು. ಸಾಧುವನ್ನೂ ಕಳ್ಳನನ್ನೂ ಒಟ್ಟಿಗೆ ಎಣಿಸಿದರೆ ಏನು ಪ್ರಯೋಜನ? ಕೆಲವು ಕಡೆ ಅಂಕಿಯ ಬದಲು ಬಿ.ಡಿ.ಎಲ್. ಅಂತ ಮೂರು ಇಂಗ್ಲಿಷ್ ಅಕ್ಷರ ಇರುತ್ತೆ. ಯಂತ್ರಕ್ಕೆ ಸಿಗಲಿಲ್ಲ ಅಂತ ಅದರ ಅರ್ಥ. ಯಂತ್ರ ಎಷ್ಟು ಸಣ್ಣದನ್ನು ಹಿಡಿಯಬಲ್ಲದು ಅಂತ ಆಗ ಕೇಳಬೇಕು. ದೊಡ್ಡ ಕಣ್ಣಿನ ಜರಡಿಯಲ್ಲಿ ಸಾಸಿವೆ ನಿಲ್ಲೋದಿಲ್ಲ.

ಮಣ್ಣು ಸರಿಯಾಗುತ್ತಾ?

ಆಗುತ್ತೆ, ಖರ್ಚು ಬಹಳ. ಗಂಟು ಸಣ್ಣದಾದರೆ ಆ ಮಣ್ಣನ್ನು ಅಗೆದು, ಅಪಾಯದ ಕಸಕ್ಕೆಂದೇ ಕಟ್ಟಿದ ಗುಂಡಿಗೆ ಸಾಗಿಸುತ್ತಾರೆ. ಊರ ಕೆರೆ ಅಂಗಳಕ್ಕೆ ಸುರಿಯೋದು ಸಾಗಿಸಿದ ಹಾಗಲ್ಲ. ಇನ್ನೊಂದು ದಾರಿ ಅನ್ನಭೇದಿ. ನಮ್ಮ ರೈತರು ಕಬ್ಬಿನ ಎಲೆ ಬಿಳಿಚಿದರೆ ಸಿಂಪಡಿಸುತ್ತಾರಲ್ಲ, ಅದೇ. ಅನ್ನಭೇದಿಯಲ್ಲಿರುವ ಕಬ್ಬಿಣ ಕ್ರೋಮಿಯಂ ಆರನ್ನು ಕ್ರೋಮಿಯಂ ಮೂರು ಮಾಡುತ್ತೆ. ಆಗ ಅದು ನೀರಿನ ಜೊತೆ ಓಡೋದಿಲ್ಲ. ಇದನ್ನು ಎಷ್ಟು, ಹೇಗೆ ಹಾಕಬೇಕು ಅಂತ ಪರೀಕ್ಷೆಯ ಮೇಲೆ ತಜ್ಞರೇ ಹೇಳಬೇಕು.

ಅಲ್ಲಿಯವರೆಗೆ ಅಂಥ ಜಾಗದಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಕುರಿ, ದನ ಮೇಯಿಸಬೇಡಿ. ಬೋರಿನ ನೀರು ಕುಡಿಯಬೇಡಿ. ಮೂಲೆಯಲ್ಲಿ ಉಳಿದ ಡಬ್ಬ, ಚೀಲ ಬಿಚ್ಚಬೇಡಿ. ಸೈನೈಡ್ ಮೇಲೆ ಆಸಿಡ್ ಬಿದ್ದರೆ ಪ್ರಾಣ ತೆಗೆಯುವ ಗಾಳಿ ಏಳುತ್ತೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಗೊತ್ತಿಲ್ಲದೆ ಅದಕ್ಕೆ ನೀರು ತುಂಬಬೇಡಿ. ಎಷ್ಟು ಸಲ ತೊಳೆದರೂ ಬೇಡ.

ಯಾರನ್ನು ಕೇಳೋದು?

ಪ್ಲೇಟಿಂಗ್ ಕಾರ್ಖಾನೆ ನಡೆಸಲು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಮೈಸೂರಿನಲ್ಲಿ ಮಂಡಳಿಯ ಕಚೇರಿ ಇದೆ. ಶೆಡ್ಡಿಗೆ ಒಪ್ಪಿಗೆ ಇತ್ತೇ, ಏನು ಬಳಸುತ್ತಿದ್ದರು, ಎಷ್ಟು ನೀರು ಬಿಡುತ್ತಿದ್ದರು ಅಂತ ಆ ಕಡತದಲ್ಲಿ ಇರುತ್ತೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅದನ್ನು ಕೇಳಬಹುದು. ಅರ್ಜಿಗೆ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

2025ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಮಲಿನಗೊಂಡ ಜಾಗಗಳಿಗೆಂದೇ ನಿಯಮ ತಂದಿತು. ಅದಕ್ಕೆ ಮೊದಲು ಇಂಥ ಜಾಗವನ್ನು ಯಾರು ಹುಡುಕಬೇಕು, ಯಾರು ಖರ್ಚು ಕೊಡಬೇಕು ಅಂತ ಹೇಳುವ ಬೇರೆ ನಿಯಮ ಇರಲಿಲ್ಲ. ಈಗ ಜಿಲ್ಲಾ ಆಡಳಿತ ಅನುಮಾನದ ಜಾಗಗಳ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಕೊಡಬೇಕು. ಪಟ್ಟಿಗೆ ಬಂದ ಜಾಗವನ್ನು 90 ದಿನದೊಳಗೆ ಮೊದಲ ಸಲ ಪರೀಕ್ಷಿಸಬೇಕು. ವಿಷ ಇರುವ ಹಾಗೆ ಕಂಡರೆ ಮುಂದೆ ವಿವರವಾದ ಪರೀಕ್ಷೆ ನಡೆಯಬೇಕು. ವಿಷ ಖಚಿತವಾದರೆ ಜಾಗದ ಹೆಸರು ಬಹಿರಂಗವಾಗಬೇಕು. ಕೆಡಿಸಿದವರೇ ಅದನ್ನು ಸರಿ ಮಾಡುವ ಖರ್ಚು ಕೊಡಬೇಕು. ನಿಯಮ ಹೊಸದು. ಪಟ್ಟಿಗೆ ಜಾಗ ತಾನಾಗಿ ಬರೋದಿಲ್ಲ, ಯಾರಾದರೂ ಹೇಳಬೇಕು.

ಬನ್ನೂರಿನವರಾದರೆ ಪುರಸಭೆಗೆ, ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಮಂಡಳಿಗೆ. ಅರ್ಜಿ ಉದ್ದ ಬೇಡ. ಜಾಗ ಎಲ್ಲಿದೆ, ಅಲ್ಲಿ ಯಾವ ಕೆಲಸ ನಡೆಯುತ್ತಿತ್ತು, ಯಾವ ವರ್ಷ ಮುಚ್ಚಿತು, ಸುತ್ತ ಎಷ್ಟು ಮನೆ, ಯಾವ ಯಾವ ಬಾವಿ. ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಿ, ವರದಿಯನ್ನು ಕನ್ನಡದಲ್ಲಿ ಕೊಡಿ ಅಂತ ಕೊನೆಯ ಸಾಲು. ಕೆಳಗೆ ಎಲ್ಲರ ಸಹಿ. ಕೊಟ್ಟ ಮೇಲೆ ನಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡೇ ಅಲ್ಲಿಂದ ಏಳಬೇಕು.